ಲೇಡೀಸ್ ಕಾಲೇಜೋ, ಎಲ್ಲರ ಕಾಲೇಜೋ: ಕೆಜಿಎಫ್–ಬಂಗಾರಪೇಟೆಯ ಹೆತ್ತವರಿಗೊಂದು ಬಹಿರಂಗ ಪತ್ರ



ಪಿಯುಸಿ ಫಲಿತಾಂಶ ಬಂದ ವಾರದಿಂದ ನಮ್ಮ ಮನೆಯ ಗೇಟು ಸದ್ದು ಮಾಡುತ್ತಲೇ ಇರುತ್ತದೆ. ನಾನು ನಿವೃತ್ತಳಾಗಿ ವರ್ಷಗಳಾದರೂ ಕೆಮಿಸ್ಟ್ರಿ ಮೇಡಂ ಅನ್ನುವ ಹೆಸರು ಮಾತ್ರ ನಿವೃತ್ತಿಯಾಗಿಲ್ಲ. ಬರುವವರು ಸಾಮಾನ್ಯವಾಗಿ ಅಪ್ಪ-ಅಮ್ಮ ಇಬ್ಬರೂ, ಅವರ ಹಿಂದೆ ಅಂಕಪಟ್ಟಿಯ ಪ್ಲಾಸ್ಟಿಕ್ ಫೈಲು ಎದೆಗವಚಿಕೊಂಡ ಮಗಳು. ಯಾವ ವಿಷಯ ಇಷ್ಟಮ್ಮಾ ಎಂದು ನಾನು ಹುಡುಗಿಯನ್ನು ಕೇಳಿದರೆ ಉತ್ತರ ಅಪ್ಪನಿಂದ ಬರುತ್ತದೆ: "ಅದೆಲ್ಲಾ ಆಮೇಲೆ ಮೇಡಂ. ಲೇಡೀಸ್ ಕಾಲೇಜಾದ್ರೆ ಕಳಿಸ್ತೀವಿ. ಹುಡುಗ್ರೂ ಇರೋ ಕಡೆ ಆದ್ರೆ ಬೇಡ." ಇಷ್ಟು ಹೇಳಿ ಅವರು ನನ್ನ ಮುಖ ನೋಡುತ್ತಾರೆ, ನಾನೂ ಹೂಂ ಅನ್ನಲಿ ಎಂದು.

ಒಬ್ಬೊಬ್ಬರಿಗೂ ಕಾಫಿ ಕೊಟ್ಟು ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲರಿಗೂ ಒಟ್ಟಿಗೇ ಬರೆದುಬಿಡೋಣ ಅನ್ನಿಸಿತು. ನಮ್ಮ ಊರಿನಲ್ಲಿ ಮನೆಯೊಳಗೆ ತಮಿಳು, ತೆಲುಗು, ಉರ್ದು ಆಡುವವರೇ ಹೆಚ್ಚು ಎಂಬುದು ಗೊತ್ತು. ಕನ್ನಡ ಓದಲು ಬಾರದವರು ಮಗಳಿಂದಲೇ ಓದಿಸಿ ಕೇಳಿ. ಅವಳ ಎದುರಿಗೆ ಹೇಳಬಾರದ ಮಾತೇನೂ ಇಲ್ಲಿಲ್ಲ.

ನನ್ನ ಬಗ್ಗೆ ಎರಡು ಮಾತು. ಅಪ್ಪ ಬಿಜಿಎಂಎಲ್ ಚಿನ್ನದ ಗಣಿಯಲ್ಲಿ ಇದ್ದವರು. ಪಿಯುಸಿ ಮುಗಿದಾಗ ಅವರು ನನ್ನನ್ನು ಬೆಂಗಳೂರಿನ ಒಂದು ಮಹಿಳಾ ಕಾಲೇಜಿಗೆ ಸೇರಿಸಿದರು. ಬಿ.ಎಸ್ಸಿ. ಆದಮೇಲೆ ಎಂ.ಎಸ್ಸಿ.ಗೆ ವಿಶ್ವವಿದ್ಯಾಲಯಕ್ಕೆ ಹೋದೆ, ಅಲ್ಲಿ ಗಂಡು-ಹೆಣ್ಣು ಒಂದೇ ತರಗತಿ. ಮುಂದೆ ಪಾಠ ಹೇಳಿದ್ದೂ ಎರಡೂ ಬಗೆಯ ಕಾಲೇಜುಗಳಲ್ಲಿ. ಹಾಗಾಗಿ ಎರಡೂ ಕಡೆಯ ಒಳ್ಳೆಯದು ಕೆಟ್ಟದ್ದನ್ನು ಬೆಂಚಿನಿಂದಲೂ ನೋಡಿದ್ದೇನೆ, ಕರಿಹಲಗೆಯ ಮುಂದೆ ನಿಂತೂ ನೋಡಿದ್ದೇನೆ.

ನಾನು ಮಹಿಳಾ ಕಾಲೇಜಿನ ವಿರೋಧಿ ಅಂದುಕೊಳ್ಳಬೇಡಿ. ಒಳ್ಳೆಯ ಮಹಿಳಾ ಕಾಲೇಜು ಒಳ್ಳೆಯ ಆಯ್ಕೆ. ನನ್ನ ತಕರಾರು ಇರುವುದು ನೀವು ಅದನ್ನು ಆರಿಸುವ ಕಾರಣದ ಬಗ್ಗೆ. ನಿಮ್ಮಲ್ಲಿ ಹೆಚ್ಚಿನವರು ಅಲ್ಲಿ ಏನು ಕಲಿಸುತ್ತಾರೆ ಎಂದು ನೋಡಿ ಆರಿಸುವುದಿಲ್ಲ, ಅಲ್ಲಿ ಯಾರು ಇಲ್ಲ ಎಂದು ನೋಡಿ ಆರಿಸುತ್ತೀರಿ. ನಿಮ್ಮ ನಿಜವಾದ ಭಯ ಕ್ಲಾಸ್‌ರೂಮಿನದ್ದಲ್ಲ, ದಾರಿಯದ್ದು ಮತ್ತು ಊರಿನ ಬಾಯಿಯದ್ದು. ಆ ಭಯಕ್ಕೆ ಮದ್ದು ಬೇರೆ ಇದೆ. ಕಾಲೇಜನ್ನೇ ಮದ್ದು ಮಾಡಿಕೊಂಡರೆ ಮಗಳ ಓದು ಹಾಳಾಗುತ್ತದೆ, ಭಯವೂ ಹೋಗುವುದಿಲ್ಲ.

ಮೊದಲು ಮಹಿಳಾ ಕಾಲೇಜು ಏನು ಕೊಡುತ್ತದೆ ಎಂದು ಹೇಳುತ್ತೇನೆ. ನನ್ನ ಲ್ಯಾಬಿಗೆ ಬನ್ನಿ. ಟೈಟ್ರೇಷನ್ ಅಂದರೆ ಒಂದು ಸ್ಟ್ಯಾಂಡು, ಅದಕ್ಕೆ ಸಿಕ್ಕಿಸಿದ ಬ್ಯುರೆಟ್, ಕೆಳಗೆ ಬಿಳಿ ಟೈಲ್ಸ್ ಮೇಲೆ ಶಂಕುವಿನಾಕಾರದ ಫ್ಲಾಸ್ಕು. ಎಡಗೈಯಲ್ಲಿ ಬ್ಯುರೆಟ್ಟಿನ ತಿರುಪು, ಬಲಗೈಯಲ್ಲಿ ಫ್ಲಾಸ್ಕು ಆಡಿಸುತ್ತಾ ಹನಿಹನಿಯಾಗಿ ಬಿಡಬೇಕು. ಬಣ್ಣ ತಿರುಗುವ ಆ ಒಂದು ಹನಿಯಲ್ಲಿ ನಿಲ್ಲಿಸುವುದು ಕೈಗೆ ಬರಬೇಕಾದ ವಿದ್ಯೆ, ಪುಸ್ತಕದಿಂದ ಬರುವುದಿಲ್ಲ. ಎಲ್ಲರೂ ಕೂಡಿ ಓದುವ ಕಾಲೇಜಿನಲ್ಲಿ ಇಬ್ಬಿಬ್ಬರ ಬ್ಯಾಚು ಮಾಡಿದಾಗ ನಾನು ಮತ್ತೆ ಮತ್ತೆ ಕಂಡದ್ದು ಒಂದೇ: ತಿರುಪು ಹುಡುಗನ ಕೈಯಲ್ಲಿ, ಪೆನ್ನು ಹುಡುಗಿಯ ಕೈಯಲ್ಲಿ. ಅವನು ರೀಡಿಂಗ್ ಹೇಳುತ್ತಾನೆ, ಇವಳು ಅಚ್ಚುಕಟ್ಟಾಗಿ ಟೇಬಲ್ ಹಾಕಿ ಬರೆಯುತ್ತಾಳೆ. ರೆಕಾರ್ಡಿಗೆ ಇವಳಿಗೇ ಹೆಚ್ಚು ಅಂಕ, ಕೈಚಳಕ ಅವನದ್ದು. ಯಾರೂ ಯಾರಿಗೂ ಹಾಗೆ ಮಾಡು ಎಂದು ಹೇಳಿರುವುದಿಲ್ಲ. ತಾನಾಗಿ ಹಾಗಾಗುತ್ತದೆ.

ಮಹಿಳಾ ಕಾಲೇಜಿನಲ್ಲಿ ಆ ತಿರುಪು ಹಿಡಿಯಲು ಬೇರೆ ಯಾರೂ ಇಲ್ಲ. ಗ್ಯಾಸ್ ಬರ್ನರ್ ಕೆಟ್ಟರೆ ಅವಳೇ ಬಿಚ್ಚಬೇಕು, ಆಸಿಡ್ ಬಾಟಲಿ ಅವಳೇ ಇಳಿಸಬೇಕು, ವಾರ್ಷಿಕೋತ್ಸವದ ದಿನ ಮೈಕ್ ಸೆಟ್ಟಿನವನ ಹತ್ತಿರ ಜಗಳವನ್ನೂ ಅವಳೇ ಆಡಬೇಕು. ಕಾಲೇಜು ಯೂನಿಯನ್ನಿನ ವಿಚಾರವೂ ಹಾಗೆಯೇ. ನಮ್ಮ ಕಡೆಯ ಬಹುಪಾಲು ಕಾಲೇಜುಗಳಲ್ಲಿ ಅಧ್ಯಕ್ಷ ಹುಡುಗ, ಕಾರ್ಯದರ್ಶಿ ಹುಡುಗ, ಹುಡುಗಿಗೆ ಮೀಸಲು 'ಲೇಡಿ ರೆಪ್' ಅನ್ನುವ ಒಂದು ಸ್ಥಾನ. ಅವಳ ಕೆಲಸ ಅತಿಥಿಗಳಿಗೆ ಹೂಗುಚ್ಛ ಕೊಡುವುದು. ಮಹಿಳಾ ಕಾಲೇಜಿನಲ್ಲಿ ಅಧ್ಯಕ್ಷೆಯೂ ಹುಡುಗಿ, ಅವಳ ವಿರುದ್ಧ ನಿಂತು ಸೋತವಳೂ ಹುಡುಗಿ. ಸೋಲುವುದನ್ನು ಕಲಿಯಲಿಕ್ಕೂ ಒಂದು ಜಾಗ ಬೇಕಲ್ಲವೇ?

ಈ ಕಾಲೇಜುಗಳು ಹುಟ್ಟಿದ ಕಾಲದಲ್ಲಿ ಇಲ್ಲೋ ಅಲ್ಲೋ ಎಂಬ ಪ್ರಶ್ನೆಯೇ ಇರಲಿಲ್ಲ, ಓದೋ ಮನೆಯೋ ಎಂಬ ಪ್ರಶ್ನೆಯಿತ್ತು. ಮೈಸೂರಿನ ಮಹಾರಾಣಿ ಕಾಲೇಜು ಮೊದಲಿಗೆ 1881ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಶುರುವಾದದ್ದು. ಬೆಂಗಳೂರಿನ ಮಹಾರಾಣಿ ಕಾಲೇಜು, 1948ರ ಮೌಂಟ್ ಕಾರ್ಮೆಲ್, 2003ರಲ್ಲಿ ವಿಜಯಪುರದಲ್ಲಿ ಆರಂಭವಾಗಿ ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯ, ನಮ್ಮದೇ ಜಿಲ್ಲಾ ಕೇಂದ್ರದಲ್ಲಿರುವ ಸರ್ಕಾರಿ ಮಹಿಳಾ ಕಾಲೇಜು, ಇವು ಎಷ್ಟೋ ಮನೆಗಳ ಮೊದಲ ಪದವೀಧರೆಯನ್ನು ಕೊಟ್ಟಿವೆ. ನನ್ನ ಮನೆಗೂ ಕೊಟ್ಟಿದೆ. ನಿಮ್ಮ ಮನೆಯಲ್ಲಿ ಆಯ್ಕೆ ಇರುವುದು ಮಹಿಳಾ ಕಾಲೇಜು ಅಥವಾ ಮದುವೆ ಎಂದಾದರೆ ನನ್ನ ಸಲಹೆ ಕೇಳುವುದೇ ಬೇಡ. ನಾಳೆಯೇ ಹೋಗಿ ಮಹಿಳಾ ಕಾಲೇಜಿಗೆ ಸೇರಿಸಿ. ಉಳಿದ ಚರ್ಚೆ ಅವಳೇ ಮುಂದೆ ನಿಮ್ಮ ಹತ್ತಿರ ಮಾಡುತ್ತಾಳೆ.

ಆದರೆ ಮಹಿಳಾ ಕಾಲೇಜುಗಳಲ್ಲೂ ಎರಡು ಜಾತಿ. ಒಂದು, ಹುಡುಗಿಯರು ಎಲ್ಲವನ್ನೂ ಮಾಡಲಿ ಎಂದು ಕಟ್ಟಿದ್ದು. ಇನ್ನೊಂದು, ಹುಡುಗಿಯರು ಏನನ್ನೂ ಮಾಡದಿರಲಿ ಎಂದು ನಡೆಸುವುದು. ಎರಡನೆಯದರಲ್ಲಿ ಬೆಳಿಗ್ಗೆ ಹತ್ತಕ್ಕೆ ಗೇಟಿಗೆ ಬೀಗ, ದುಪಟ್ಟಾ ಜಾರಿದರೆ ಅಮ್ಮನಿಗೆ ಫೋನು, ಲೈಬ್ರರಿ ಮಧ್ಯಾಹ್ನ ಮೂರೂವರೆಗೆ ಬಂದ್, ಕೋರ್ಸು ಅಂದರೆ ಬಿ.ಎ., ಬಿ.ಕಾಂ. ಮತ್ತು ಬಾಗಿಲು ಮುಚ್ಚಿದ ಒಂದು ಲ್ಯಾಬು. ಮೂರು ವರ್ಷ ಅಲ್ಲಿ ಇದ್ದವಳು ಮದುವೆಗೆ ಮೂರು ವರ್ಷ ಕಾದವಳಷ್ಟೇ. ನೀವು ಕಾಲೇಜು ನೋಡಲು ಹೋದಾಗ ಗೇಟಿನ ಬೀಗ ನೋಡಿ ಸಮಾಧಾನಪಟ್ಟು ವಾಪಸ್ ಬರುತ್ತೀರಿ. ಅದೇ ಬೀಗ ನೋಡಿ ನನಗೆ ಸಂಕಟವಾಗುತ್ತದೆ.

ಇನ್ನು ಕೂಡಿ ಓದುವ ವಿಷಯ. ಎಂ.ಎಸ್ಸಿ.ಯ ಮೊದಲ ತಿಂಗಳು ಸೆಮಿನಾರ್ ಕೊಡಲು ನಿಂತಾಗ ನನ್ನ ಗಂಟಲು ಒಣಗಿತ್ತು. ವಿಷಯ ಗೊತ್ತಿಲ್ಲವೆಂದಲ್ಲ. ಎದುರಿಗೆ ಕಾಲು ಚಾಚಿ ಕೂತ ಹುಡುಗರು ಪ್ರಶ್ನೆ ಕೇಳುವ ರೀತಿಯೇ ನನಗೆ ಹೊಸತು. ಅರ್ಧ ಗೊತ್ತಿದ್ದರೂ ಪೂರ್ತಿ ಗೊತ್ತಿದ್ದವರ ಹಾಗೆ ಗಟ್ಟಿಯಾಗಿ ಕೇಳುತ್ತಿದ್ದರು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಆ ಗಟ್ಟಿ ದನಿಯ ಹಿಂದೆ ಎಷ್ಟು ಸರಕಿದೆ ಎಂದು ಅಳೆಯಲು ಬಂತು, ಆಮೇಲೆ ಹೆದರಿಕೆ ಆಗಲಿಲ್ಲ. ಈ ಅಳತೆ ನನಗೆ ಮುಂದೆ ಸ್ಟಾಫ್ ಮೀಟಿಂಗಿನಲ್ಲಿ, ಯೂನಿವರ್ಸಿಟಿಯ ಮೌಲ್ಯಮಾಪನ ಕೇಂದ್ರದಲ್ಲಿ, ಬ್ಯಾಂಕಿನ ಸಾಲದ ಕೌಂಟರಿನಲ್ಲಿ ಎಲ್ಲ ಕಡೆ ಉಪಯೋಗಕ್ಕೆ ಬಂದಿದೆ. ಮಹಿಳಾ ಕಾಲೇಜು ಅದನ್ನು ಕಲಿಸಿರಲಿಲ್ಲ. ಕೈಗೆ ಧೈರ್ಯ ಕೊಟ್ಟದ್ದು ಅದು, ಬಾಯಿಗೆ ಧೈರ್ಯ ಕೊಟ್ಟದ್ದು ಇದು.

ಹೆಣ್ಣುಮಕ್ಕಳನ್ನು ಗಂಡುಮಕ್ಕಳ ನಡುವೆ ಬಿಡುವುದಕ್ಕೆ ಹೆದರಿದವರು ನೀವೇ ಮೊದಲಲ್ಲ. 1933ರಲ್ಲಿ ಮುಂಬೈಯಿಂದ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಬಂದ ಕಮಲಾ ಸೊಹೋನಿಯವರಿಗೆ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೇ ಸೀಟು ಕೊಡಲಿಲ್ಲ. ನೊಬೆಲ್ ಬಂದ ವಿಜ್ಞಾನಿಗೂ ಇಂಥದೇ ಭಯ, ಹುಡುಗರ ಗಮನ ಕೆಡುತ್ತದೆ ಎಂದು! ಆಕೆ ಬಿಡದೆ ಹಟ ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ, ಷರತ್ತು ಹಾಕಿ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಕಮಲಾ ಸಂಸ್ಥೆಗೆ ಬಂದ ಹತ್ತು ವರ್ಷದ ನಂತರ, 1943ರಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮಾಡಿದ ನಮ್ಮ ಕರ್ನಾಟಕದ ರಾಜೇಶ್ವರಿ ಚಟರ್ಜಿ ಅದೇ ಸಂಸ್ಥೆ ಸೇರಿದರು. ಅಮೆರಿಕದ ಮಿಷಿಗನ್‌ನಲ್ಲಿ ಓದಿ ಬಂದು 1953ರಿಂದ ಅಲ್ಲಿಯೇ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು, ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಅಜ್ಜಿ ಓದಿದ್ದರಿಂದ ಮೊಮ್ಮಗಳು ಎಂಜಿನಿಯರ್ ಆದಳು ಎಂದು ನಾನು ಲೆಕ್ಕ ಹಾಕುತ್ತೇನೆ, ನೀವು ಒಪ್ಪದಿದ್ದರೂ ಸರಿ.

ಓದಿಕೊಂಡ ಕೆಲವು ಅಪ್ಪಂದಿರು ಇಂಟರ್‌ನೆಟ್ಟಿನಿಂದ ಒಂದು ವಾದ ತರುತ್ತಾರೆ: ಹುಡುಗಿಯರೇ ಇರುವ ಕಡೆ ಅಂಕ ಚೆನ್ನಾಗಿ ಬರುತ್ತದಂತೆ. ಇದರ ಬಗ್ಗೆ ಲೋಕದಲ್ಲಿ ಬಹಳ ಸಂಶೋಧನೆ ನಡೆದಿದೆ, ಹೆಚ್ಚಿನದು ಶಾಲೆಗಳ ಮೇಲೆ. 2014ರಲ್ಲಿ ಇಂಥ 184 ಅಧ್ಯಯನಗಳನ್ನು, ಅಂದರೆ ಹದಿನಾರು ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಮಾಡಿ ನೋಡಿದವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮಕ್ಕಳನ್ನು ಹೈಸ್ಕೂಲುಗಳಿಗೆ ಲಾಟರಿಯಂತೆ ಹಂಚುತ್ತಿದ್ದ ಕಾಲದ ಲೆಕ್ಕ ನೋಡಿದವರಿಗೆ ಮಾತ್ರ, ಹುಡುಗಿಯರ ಶಾಲೆಗೆ ಬಿದ್ದವರು ನಾಲ್ಕು ವರ್ಷದ ಕಾಲೇಜಿಗೆ ಹೋಗುವುದು ತುಸು ಹೆಚ್ಚು ಎಂದು ಕಂಡಿತು. ನನಗೆ ತಿಳಿಯುವುದು ಇಷ್ಟೇ: ಅಂಕದ ಮೇಲೆ ಈ ತೀರ್ಮಾನ ಮಾಡಬೇಡಿ, ಅದರಲ್ಲಿ ಹುರುಳು ಕಡಿಮೆ.

ಈಗ ದಾರಿಯ ಮಾತಿಗೆ ಬರೋಣ, ಪತ್ರ ಬರೆಯಲು ಕೂತದ್ದೇ ಅದಕ್ಕೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಈ ಊರು ರೈಲಿನ ಮೇಲೆ ಬದುಕುತ್ತಿದೆ. ಕತ್ತಲಿರುವಾಗಲೇ ಮಾರಿಕುಪ್ಪಂ ಬಿಟ್ಟ ಗಾಡಿ ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರದಲ್ಲಿ ಜನ ತುಂಬಿಕೊಂಡು ಬಂಗಾರಪೇಟೆಗೆ ಬರುವಷ್ಟರಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಲೇಡೀಸ್ ಡಬ್ಬಿಯನ್ನು ಒಮ್ಮೆ ಹೊಕ್ಕು ನೋಡಿ. ಗಾರ್ಮೆಂಟ್ಸಿಗೆ ಹೋಗುವವರು, ಮನೆಗೆಲಸದವರು, ಆಸ್ಪತ್ರೆಯ ಆಯಾಗಳು, ಸೊಪ್ಪಿನ ಗಂಟಿನವರು. ಆ ಗಂಟಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುವ ಕಾಲೇಜು ಹುಡುಗಿ, ಅವಳ ರೆಕಾರ್ಡ್ ಪುಸ್ತಕ ಯಾವಳೋ ಅಪರಿಚಿತಳ ಮಡಿಲಲ್ಲಿ. ಮಾಲೂರು ದಾಟಿದ ಮೇಲೆ ಆ ಹೆಂಗಸೇ ಅವಳನ್ನು ತಟ್ಟಿ ಎಬ್ಬಿಸಿ, "ಏಳು ಕಣೆ, ಇವತ್ತು ಟೆಸ್ಟ್ ಅಂದಿದ್ಯಲ್ಲ" ಎನ್ನುತ್ತಾಳೆ. ಆ ಡಬ್ಬಿಯಲ್ಲಿ ನಿಮ್ಮ ಮಗಳು ಸುರಕ್ಷಿತ. ತೊಂದರೆ ಇರುವುದು ಸಂಜೆ, ಗಾಡಿ ತಡವಾಗಿ ಬಂದು ಸ್ಟೇಷನ್ನಿನಿಂದ ಲೈನ್ ಮನೆಗಳವರೆಗೆ ದೀಪವಿಲ್ಲದ ದಾರಿಯಲ್ಲಿ ಒಬ್ಬಳೇ ನಡೆಯುವ ಆ ಒಂದು ಕಿಲೋಮೀಟರಿನಲ್ಲಿ. ಮಹಿಳಾ ಕಾಲೇಜಿಗೆ ಹೋಗುವವಳೂ ನಡೆಯುವುದು ಅದೇ ದಾರಿಯಲ್ಲಿ.

ಇದು ನಮ್ಮೂರ ಕಥೆಯಷ್ಟೇ ಅಲ್ಲ. ಗಿರಿಜಾ ಬೋರ್ಕರ್ ಎಂಬ ಅರ್ಥಶಾಸ್ತ್ರಜ್ಞೆ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಾಲೇಜು ಆರಿಸುವ ರೀತಿಯನ್ನು ಅಧ್ಯಯನ ಮಾಡಿದ್ದಾರೆ. ಹೆಣ್ಣುಮಕ್ಕಳು ತಮ್ಮ ಅಂಕಕ್ಕೆ ಸಿಗುವ ಒಳ್ಳೆಯ ಕಾಲೇಜನ್ನು ಕೈಬಿಟ್ಟು, ಹೋಗಿಬರುವ ದಾರಿ ಸುರಕ್ಷಿತ ಅನ್ನಿಸಿದ ಸಾಧಾರಣ ಕಾಲೇಜನ್ನು ಒಪ್ಪಿಕೊಳ್ಳುತ್ತಾರೆ, ದಾರಿಗಾಗಿ ಹೆಚ್ಚು ದುಡ್ಡನ್ನೂ ಕೊಡುತ್ತಾರೆ ಎಂದು ಅವರು ತೋರಿಸಿದರು. ಗಂಡುಮಕ್ಕಳು ಅಷ್ಟನ್ನು ಬಿಟ್ಟುಕೊಡುವುದಿಲ್ಲ. ಬೀದಿಯ ಪೋಲಿಗಳು ಮಾಡಿದ್ದಕ್ಕೆ ಹುಡುಗಿಯರು ತಮ್ಮ ಓದಿನಿಂದ ದಂಡ ಕಟ್ಟುತ್ತಿದ್ದಾರೆ ಎಂದಾಯಿತು.

ಆದ್ದರಿಂದ ನನ್ನ ಮೊದಲ ಬೇಡಿಕೆ: ಕಾಲೇಜು ತೀರ್ಮಾನಿಸುವ ಮೊದಲು ಒಂದು ಸಾಮಾನ್ಯ ಕೆಲಸದ ದಿನ ಮಗಳ ಜೊತೆ ಆ ದಾರಿಯಲ್ಲಿ ಹೋಗಿ ಬನ್ನಿ. ಸ್ವಂತ ಗಾಡಿಯಲ್ಲಲ್ಲ, ಅವಳು ಹೋಗಬೇಕಾದ ರೈಲಿನಲ್ಲಿ, ಬಸ್ಸಿನಲ್ಲಿ. ಸಂಜೆ ಅವಳು ಬರುವ ಹೊತ್ತಿಗೇ ವಾಪಸ್ ಬನ್ನಿ. ಎಲ್ಲಿ ದೀಪವಿಲ್ಲ, ಎಲ್ಲಿ ಬಾರ್ ಇದೆ, ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ಕಾಯಬೇಕು, ನಿಮಗೇ ತಿಳಿಯುತ್ತದೆ. ಆಮೇಲೆ ಅದೇ ದಾರಿಯ ನಾಲ್ಕೈದು ಮನೆಯವರು ಸೇರಿ ನಗರಸಭೆಗೆ ಬೀದಿದೀಪಕ್ಕೆ ಅರ್ಜಿ ಕೊಡಿ, ಡಿಪೋ ಮ್ಯಾನೇಜರ್ ಹತ್ತಿರ ಹೋಗಿ ಕಾಲೇಜು ಬಿಡುವ ಹೊತ್ತಿಗೆ ಬಸ್ ಕೇಳಿ. ಯೂನಿಯನ್ ಕಟ್ಟಿ ಮ್ಯಾನೇಜ್‌ಮೆಂಟಿನ ಮುಂದೆ ನಿಂತ ಗಣಿ ಕಾರ್ಮಿಕರ ಊರು ಇದು. ಒಂದು ಬೀದಿದೀಪ ಕೇಳಲು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಖರ್ಚಿನ ಮಾತೂ ಬರುತ್ತದೆ, ಅದಕ್ಕೆ ಎರಡು ವಿಷಯ ತಿಳಿದಿರಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ರೈಲಿನದು: ಮನೆಯಿಂದ ಕಾಲೇಜಿಗೆ ಹೋಗಿಬರಲು ಹೆಣ್ಣುಮಕ್ಕಳಿಗೆ ಪದವಿ ಮುಗಿಯುವವರೆಗೆ ಎರಡನೇ ದರ್ಜೆಯ ತಿಂಗಳ ಸೀಸನ್ ಟಿಕೆಟ್ಟನ್ನು ರೈಲ್ವೆ ಉಚಿತವಾಗಿ ಕೊಡುತ್ತದೆ. ಹುಡುಗರಿಗೆ ಇದು ಹನ್ನೆರಡನೇ ತರಗತಿಯವರೆಗೆ ಮಾತ್ರ. ಕಾಲೇಜಿನಿಂದ ಪ್ರಮಾಣಪತ್ರ ಬರೆಸಿಕೊಂಡು ಸ್ಟೇಷನ್ನಿನಲ್ಲಿ ಕೊಡಬೇಕು. ಕೌಂಟರಿನಲ್ಲಿ ಮೊದಲ ಸಲ ಇಲ್ಲ ಅನ್ನಬಹುದು, ವಿಚಾರಿಸಿ ನೋಡಿ ಎಂದು ಎರಡನೇ ಸಲ ಕೇಳಿ.

ದಾರಿ ಆಯಿತು, ಊರಿನ ಬಾಯಿ ಉಳಿಯಿತು. ಮಗಳು ಬಂಗಾರಪೇಟೆಯಲ್ಲಿ ಸ್ನೇಹಿತರ ಗುಂಪಿನಲ್ಲಿ ನಿಂತು ಪಾನಿಪೂರಿ ತಿಂದರೆ ತಟ್ಟೆ ಕೆಳಗಿಡುವ ಮೊದಲೇ ನಿಮಗೆ ಫೋನು ಬರುತ್ತದೆ, "ಯಾವನೋ ಹುಡುಗನ ಜೊತೆ ಇದ್ಳು" ಎಂದು. ಗುಂಪಿನಲ್ಲಿ ಐದು ಹುಡುಗಿಯರೂ ಇದ್ದರು ಎಂದು ಹೇಳುವವರಿಲ್ಲ. ಪ್ರೀತಿ-ಪ್ರೇಮದ ಭಯವನ್ನು, ಅದರೊಳಗಿರುವ ಜಾತಿಯ ಭಯವನ್ನು, ನಾನು ಇಲ್ಲವೆನ್ನುವುದಿಲ್ಲ. ಆದರೆ ಇಷ್ಟು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಮಹಿಳಾ ಕಾಲೇಜಿನ ಹುಡುಗಿಯರೂ ಪ್ರೀತಿಸಿದ್ದಾರೆ, ಮನೆ ಬಿಟ್ಟೂ ಹೋಗಿದ್ದಾರೆ. ಹುಡುಗರ ಜೊತೆ ಒಂದೇ ಬೆಂಚಿನ ಆಚೀಚೆ ಕೂತು ಅವರ ಸೋಮಾರಿತನ, ಕಾಪಿ ಹೊಡೆಯುವುದು, ಒಳ್ಳೆಯತನ ಎಲ್ಲವನ್ನೂ ಮೂರು ವರ್ಷ ನೋಡಿದವಳಿಗೆ ಗಂಡಸೆಂದರೆ ಸಿನಿಮಾ ಹೀರೋ ಅಲ್ಲ ಎಂಬುದು ಬೇಗ ತಿಳಿಯುತ್ತದೆ. ಮೊಬೈಲಿನಲ್ಲಿ ಮಾತ್ರ ಗಂಡಸನ್ನು ಕಂಡವಳಿಗೇ ಮೋಸಹೋಗುವ ಅಪಾಯ ಹೆಚ್ಚು ಎಂಬುದು ನನ್ನ ಅನಿಸಿಕೆ.

ಒಂದು ಮಾತು ಕೊಂಚ ಖಾರವಾಗಿಯೇ ಹೇಳುತ್ತೇನೆ, ಕ್ಷಮಿಸಿ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಿದೆ. ಮೊದಲು ವಿಸ್ಟ್ರಾನ್ ಕಂಪನಿಯದಾಗಿತ್ತು, 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡುಕೊಂಡಿತು. ಆ ಕಡೆಯ ಕಂಪನಿಗಳಿಗೆ ಶಿಫ್ಟ್ ಲೆಕ್ಕದಲ್ಲಿ ಹೋಗುವ ಹದಿನೆಂಟು-ಇಪ್ಪತ್ತರ ಹುಡುಗಿಯರು ನಮ್ಮ ಬೀದಿಗಳಲ್ಲಿ ಎಷ್ಟು ಜನ! ಅಲ್ಲಿ ಸೂಪರ್‌ವೈಸರ್ ಗಂಡಸು, ಪಕ್ಕದ ಲೈನಿನಲ್ಲಿ ಹುಡುಗರು, ಬಸ್ಸಿನ ಡ್ರೈವರ್ ಗಂಡಸು. ಸಂಬಳ ತರುವ ಮಗಳನ್ನು ಹುಡುಗರಿರುವ ಕಂಪನಿಗೆ ಕಳಿಸಬಹುದು, ಓದುವ ಮಗಳನ್ನು ಹುಡುಗರಿರುವ ಕಾಲೇಜಿಗೆ ಕಳಿಸಬಾರದು, ಇದು ಯಾವ ನ್ಯಾಯ? ದುಡಿಯುವ ಹುಡುಗಿಯರನ್ನು ನಾನು ಹಳಿಯುತ್ತಿಲ್ಲ, ಅವರಿಂದ ಎಷ್ಟೋ ಮನೆ ನಿಂತಿದೆ. ಆ ಧೈರ್ಯವನ್ನು ಓದಿಗೂ ತೋರಿಸಿ ಎನ್ನುತ್ತಿದ್ದೇನೆ.

ನಮ್ಮ ಅಪ್ಪಂದಿರು ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಕೇಜಿನಲ್ಲಿ ಇಳಿದವರು. ಕೆಳಗೆ ರಾಕ್‌ಬರ್ಸ್ಟ್ ಆಗಿ ಬಂಡೆ ಸಿಡಿಯುತ್ತದೆಂದು ಗೊತ್ತಿತ್ತು. ಹಾಗೆಂದು ಇಳಿಯುವುದು ಬಿಡಲಿಲ್ಲ. ಇಳಿಯುವ ಮೊದಲು ಕೇಜಿನ ಹಗ್ಗ ನೋಡುತ್ತಿದ್ದರು, ಮರದ ಆಧಾರ ತಟ್ಟುತ್ತಿದ್ದರು, ಹೆಲ್ಮೆಟ್ಟಿನ ದೀಪ ಉರಿಸಿ ನೋಡುತ್ತಿದ್ದರು. ಮಗಳ ಕಾಲೇಜನ್ನೂ ಹಾಗೆ ತಟ್ಟಿ ನೋಡಿ.

ಏನು ತಟ್ಟಬೇಕು? ಕಟ್ಟಡದ ಬಣ್ಣವನ್ನಲ್ಲ. ಅವಳು ಬಯಸುವ ವಿಷಯಕ್ಕೆ ಕಾಯಂ ಮೇಷ್ಟ್ರು ಇದ್ದಾರೋ, ಎಲ್ಲ ಅತಿಥಿ ಉಪನ್ಯಾಸಕರೋ ಎಂದು ಕೇಳಿ. ಅತಿಥಿ ಉಪನ್ಯಾಸಕರಲ್ಲಿ ಬಹಳ ಒಳ್ಳೆಯವರಿದ್ದಾರೆ, ಆದರೆ ಸಂಬಳಕ್ಕೂ ನೇಮಕಕ್ಕೂ ಬಡಿದಾಡುವ ಅವರು ವರ್ಷದ ಮಧ್ಯೆ ಇರುತ್ತಾರೋ ಇಲ್ಲವೋ. ಲ್ಯಾಬಿನ ಬಾಗಿಲು ತೆಗೆಸಿ ನೋಡಿ, ಸ್ಟಾಕ್ ರಿಜಿಸ್ಟರ್ ಧೂಳು ಹಿಡಿದಿದ್ದರೆ ಅರ್ಥವಾಗುತ್ತದೆ. ಅಮ್ಮಂದಿರೇ, ನೀವು ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ಬನ್ನಿ. ನೀರಿದೆಯೇ, ಚಿಲಕವಿದೆಯೇ, ಪ್ಯಾಡ್ ಎಸೆಯಲು ಡಬ್ಬಿ ಇದೆಯೇ? ಇದಿಲ್ಲದ ಕಡೆ ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ, ಇದನ್ನು ಯಾವ ಪ್ರಾಸ್ಪೆಕ್ಟಸ್ಸೂ ಹೇಳುವುದಿಲ್ಲ.

ಆಮೇಲೆ ಆಂತರಿಕ ದೂರು ಸಮಿತಿ. ಲೈಂಗಿಕ ಕಿರುಕುಳದ ದೂರು ಕೇಳಲು ಪ್ರತಿ ಕಾಲೇಜಿನಲ್ಲೂ ಇಂಥ ಸಮಿತಿ ಇರಲೇಬೇಕೆಂದು ಯುಜಿಸಿಯ 2015ರ ನಿಯಮಾವಳಿ ಹೇಳುತ್ತದೆ, ಮಹಿಳಾ ಕಾಲೇಜಿಗೂ ಅದು ಅನ್ವಯ. ಅಲ್ಲಿಯೂ ಗಂಡಸು ಸಿಬ್ಬಂದಿ ಇರುತ್ತಾರಲ್ಲ. ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರ್ ಬೋರ್ಡಿನಲ್ಲಿ ಇದೆಯೇ ನೋಡಿ. ಪ್ರಿನ್ಸಿಪಾಲರನ್ನು ನೇರವಾಗಿ ಕೇಳಿ. "ನಮ್ಮಲ್ಲಿ ಅಂಥದ್ದೆಲ್ಲ ನಡೆಯೋದೇ ಇಲ್ಲ" ಎಂಬ ಉತ್ತರ ಬಂದರೆ ಹುಷಾರಾಗಿ. "ದೂರು ಬಂದಿತ್ತು, ಹೀಗೆ ವಿಚಾರಣೆ ಮಾಡಿದೆವು" ಎನ್ನುವ ಕಾಲೇಜನ್ನು ನಾನು ಹೆಚ್ಚು ನಂಬುತ್ತೇನೆ, ಅಲ್ಲಿ ಹುಡುಗರಿರಲಿ ಇಲ್ಲದಿರಲಿ.

ಇದೆಲ್ಲಕ್ಕಿಂತ ಮೊದಲು ವಿಷಯ. ಅವಳಿಗೆ ಮೈಕ್ರೋಬಯಾಲಜಿ ಬೇಕು, ಅದು ಇರುವುದು ಎಲ್ಲರೂ ಓದುವ ಕಾಲೇಜಿನಲ್ಲಿ. ನೀವು ಮಹಿಳಾ ಕಾಲೇಜು ಎಂಬ ಕಾರಣಕ್ಕೆ ಬಿ.ಕಾಂ.ಗೆ ಸೇರಿಸಿದರೆ ಅವಳ ಮೂರು ವರ್ಷವನ್ನು ನೀವೇ ಕಿತ್ತುಕೊಂಡಂತೆ. ಮೇಲಾಗಿ ಈ ಗೋಡೆ ಬಹಳ ದಿನ ನಿಲ್ಲುವುದೂ ಇಲ್ಲ. ಎಂ.ಎ., ಎಂ.ಎಸ್ಸಿ., ಎಂ.ಕಾಂ. ಎಂದು ನಮ್ಮ ಜಿಲ್ಲೆಯಲ್ಲೇ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಹೋದರೂ, ಬೆಂಗಳೂರಿಗೆ ಹೋದರೂ ಅಲ್ಲಿ ಸಾಮಾನ್ಯವಾಗಿ ಎಲ್ಲರೂ ಒಟ್ಟಿಗೇ. ಏಳು ದಶಕ ಹೆಣ್ಣುಮಕ್ಕಳ ಕಾಲೇಜೆಂದೇ ಹೆಸರಾಗಿದ್ದ ಮೌಂಟ್ ಕಾರ್ಮೆಲ್ ಕೂಡ ಈಚೆಗೆ ಪದವಿ ತರಗತಿಗಳಿಗೆ ಹುಡುಗರನ್ನು ಸೇರಿಸಿಕೊಳ್ಳತೊಡಗಿದೆ. ನಿಜ ಹೇಳಬೇಕೆಂದರೆ ಆ ಸುದ್ದಿ ಕೇಳಿ ನನಗೆ ಬೇಜಾರೇ ಆಯಿತು. 2024ರ ನವೆಂಬರಿನಲ್ಲಿ ಸೋಲ್ ನಗರದ ಡಾಂಗ್‌ಡುಕ್ ಮಹಿಳಾ ವಿಶ್ವವಿದ್ಯಾಲಯವನ್ನು ಸಹಶಿಕ್ಷಣಕ್ಕೆ ತೆರೆಯುವ ಚರ್ಚೆ ಎದ್ದಾಗ ಅಲ್ಲಿನ ಹುಡುಗಿಯರು ಕಟ್ಟಡಗಳನ್ನೇ ಹಿಡಿದು ಕೂತು ಪ್ರತಿಭಟಿಸಿದರು. ಅವರು ಕಾಯುತ್ತಿದ್ದುದು ತಮ್ಮ ಜಾಗವನ್ನು. ಮಹಿಳಾ ಕಾಲೇಜನ್ನು ಹುಡುಗಿಯೇ ಬೇಕೆಂದು ಆರಿಸುವುದಕ್ಕೂ ಅಪ್ಪ ಒಳಗೆ ಹಾಕುವುದಕ್ಕೂ ಇರುವ ಅಂತರ ಇದೇ.

ಬೆಂಗಳೂರಿನ ಓದಿಗೆ ದಿನಾ ಹೋಗಿಬರುವುದು ಬೇಡವೆನಿಸಿದರೆ ಹಾಸ್ಟೆಲ್ ಯೋಚಿಸಿ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಎರಡೂ ಮೆಟ್ರಿಕ್ ನಂತರದ ಹುಡುಗಿಯರ ಹಾಸ್ಟೆಲ್ ನಡೆಸುತ್ತವೆ. ದಿನಕ್ಕೆ ಐದಾರು ಗಂಟೆ ರೈಲಿನಲ್ಲಿ ಕಳೆಯುವ ಹುಡುಗಿ ಎಷ್ಟೇ ಜಾಣೆಯಾದರೂ ಎರಡನೇ ವರ್ಷಕ್ಕೆ ಸೋಲುತ್ತಾಳೆ. ರೈಲಿನಲ್ಲಿ ಓದುತ್ತಾಳೆ ಬಿಡಿ ಎನ್ನುವವರು ಆ ರೈಲು ಹತ್ತಿದವರಲ್ಲ.

ಗಂಡುಮಕ್ಕಳ ಹೆತ್ತವರಿಗೂ ಒಂದು ಕೋರಿಕೆ ಇದೆ, ಚಿಕ್ಕದು. ಇಷ್ಟು ಭಯಕ್ಕೆ ಕಾರಣರಾದವರು ಯಾರದೋ ಮನೆಯ ಮಕ್ಕಳೇ. ಸಂಜೆ ಸ್ಟೇಷನ್ ಹತ್ತಿರ, ಕಾಲೇಜು ಗೇಟಿನ ಹತ್ತಿರ ಬೈಕ್ ನಿಲ್ಲಿಸಿಕೊಂಡು ನಿಮ್ಮ ಮಗ ಏನು ಮಾಡುತ್ತಾನೆ ಎಂದು ಒಂದು ಸಲ ಹೋಗಿ ನೋಡಿ. ಹುಡುಗಿಯ ಅಪ್ಪನೊಬ್ಬನೇ ಯಾಕೆ ದಾರಿ ಕಾಯಬೇಕು?

ಅರ್ಜಿಯ ಕಾಲ ಈಗ. ಸರ್ಕಾರಿ ಪದವಿ ಕಾಲೇಜುಗಳ ಪ್ರವೇಶ ಯುಯುಸಿಎಂಎಸ್ ಪೋರ್ಟಲ್ ಮೂಲಕ ನಡೆಯುತ್ತದೆ. ಸೈಬರ್ ಸೆಂಟರಿನಲ್ಲಿ ಜನ ಜಾಸ್ತಿ, ಅಲ್ಲಿನ ಹುಡುಗನಿಗೆ ಅವಸರ, "ಯಾವ್ದು ಹಾಕ್ಲಿ ಅಂಕಲ್?" ಎಂದು ಅವನು ನಿಮ್ಮನ್ನೇ ಕೇಳುತ್ತಾನೆ. ದಯವಿಟ್ಟು ಆಗ ಕುರ್ಚಿಯನ್ನು ಮಗಳಿಗೆ ಬಿಟ್ಟುಕೊಡಿ. ವಿಷಯ, ಕಾಲೇಜು ಅವಳೇ ಹೇಳಲಿ. ಒಟಿಪಿ ನಿಮ್ಮ ಫೋನಿಗೆ ಬರುತ್ತದೆ, ಅದನ್ನು ಓದಿ ಹೇಳಿ, ಅಷ್ಟು ಸಾಕು. ಕೆಮಿಸ್ಟ್ರಿ ತೆಗೆದುಕೊಳ್ಳುವವಳಾದರೆ ಹಳೆಯ ಪುಸ್ತಕಗಳು ನನ್ನ ಹತ್ತಿರ ಇವೆ, ಬಂದು ತೆಗೆದುಕೊಂಡು ಹೋಗಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ
ರಾಬರ್ಟ್‌ಸನ್‌ಪೇಟೆ, ಕೆಜಿಎಫ್